ಪ್ಲೇಗ್ ಶಿಬಿರದ ಡಾಕ್ಟರು ಪಲ್ಪು

ಡಾ. ಪದ್ಮನಾಭನ್ ಪಲ್ಪು ಅವರ ಹೆಸರು ಕೇರಳದಲ್ಲಿ ಎಲ್ಲರಿಗೂ ಗೊತ್ತು. ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದು ನಮ್ಮ ಬೆಂಗಳೂರಿನಲ್ಲಿ. ಆದರೆ ಇಲ್ಲಿ ನಾನು ಕೇಳಿದವರಲ್ಲಿ ಯಾರೂ ಆ ಹೆಸರು ಕೇಳಿರಲಿಲ್ಲ. ಜೀವಶಾಸ್ತ್ರದಲ್ಲಿ ಸಾಂಕ್ರಾಮಿಕ ರೋಗಗಳ ಪಾಠ ಮುಗಿದ ಮೇಲೆ ನಾನು ಅವರ ಬಗ್ಗೆ ಓದತೊಡಗಿದೆ.

1863ರಲ್ಲಿ ತಿರುವನಂತಪುರದಲ್ಲಿ ಈಳವ ಕುಟುಂಬದಲ್ಲಿ ಹುಟ್ಟಿದರು. ತಿರುವಾಂಕೂರಿನ ವೈದ್ಯಕೀಯ ಪ್ರವೇಶ ಪರೀಕ್ಷೆ ಪಾಸಾದರೂ ಜಾತಿಯ ಕಾರಣಕ್ಕೆ ಸೀಟು ಸಿಗಲಿಲ್ಲ. ನೀಟ್‌ಗೆ ಓದುತ್ತಿರುವವರು ಇದನ್ನು ಒಂದು ಕ್ಷಣ ಯೋಚಿಸಿ ನೋಡಿ. ಮದರಾಸಿಗೆ ಹೋಗಿ ಡಾಕ್ಟರಾಗಿ ಬಂದು ಕೆಲಸ ಕೇಳಿದರೆ, ಅದೂ ಇಲ್ಲ. ಕೊನೆಗೆ ಕೆಲಸ ಕೊಟ್ಟದ್ದು ಮೈಸೂರು ಸಂಸ್ಥಾನ. ಬೆಂಗಳೂರಿನಲ್ಲಿ ಸಿಡುಬಿನ ಲಸಿಕೆ ತಯಾರಿಸುವ ಕೆಲಸ. ಆಗ ಲಸಿಕೆಯನ್ನು ಕರುಗಳ ಚರ್ಮದ ಮೇಲೆ ಎದ್ದ ಗುಳ್ಳೆಗಳಿಂದ ತೆಗೆಯುತ್ತಿದ್ದರು.

1896ರಲ್ಲಿ ಬೊಂಬಾಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್, ರೈಲು ಹತ್ತಿ 1898ರ ಆಗಸ್ಟ್‌ನಲ್ಲಿ ಬೆಂಗಳೂರು ತಲುಪಿತು. ಊರು ಖಾಲಿಯಾಗತೊಡಗಿದಾಗ ಪಲ್ಪು ಪ್ಲೇಗ್ ಶಿಬಿರಗಳಲ್ಲಿ ಕೆಲಸಕ್ಕೆ ನಿಂತರು. ಅವರ ಮಗ ನಟರಾಜನಿಗೆ, ಅಂದರೆ ಮುಂದೆ ನಟರಾಜ ಗುರು ಎಂದು ಹೆಸರಾದವರಿಗೆ, ಆಗಿನ್ನೂ ಮೂರು ವರ್ಷ.

ಆ ಕಾಲದಲ್ಲಿ ರೋಗ ಬರುವ ಮುನ್ಸೂಚನೆ ಕೊಡುತ್ತಿದ್ದದ್ದು ಇಲಿ. ನಮ್ಮ ದಾದಿ ತಮ್ಮ ತಾಯಿಯಿಂದ ಕೇಳಿದ್ದನ್ನು ಈಗಲೂ ಹೇಳುತ್ತಾರೆ: ಮನೆಯಲ್ಲಿ ಇಲಿ ಬಿದ್ದು ಸತ್ತರೆ ಸಾಕು, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ. ಅವರಿಗೆ ಕಾರಣ ಗೊತ್ತಿರಲಿಲ್ಲ, ಆದರೆ ಲೆಕ್ಕ ಸರಿಯಾಗಿತ್ತು. ಇಲಿ ಸತ್ತಾಗ ಅದರ ಮೈಮೇಲಿನ ಚಿಗಟಗಳು ಮನುಷ್ಯರ ಮೇಲೆ ಹಾರುತ್ತವೆ. ಇದನ್ನು ಫ್ರೆಂಚ್ ವೈದ್ಯ ಸೀಮೊಂಡ್ ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ 1898ರಲ್ಲಿ.

ಸರ್ಕಾರದ ಲೆಕ್ಕ ಬೇರೆ ರೀತಿಯದು. ಮನೆ ಮನೆ ಹುಡುಕುವುದು, ರೋಗಿಗಳನ್ನು ಶಿಬಿರಕ್ಕೆ ಸಾಗಿಸುವುದು, ಮನೆ ತೊಳೆಸುವುದು. ಪ್ಲೇಗ್ ಕೆಲಸಕ್ಕೆಂದೇ ಬೆಂಗಳೂರಿನಲ್ಲಿ ಟೆಲಿಫೋನ್ ತಂತಿ ಎಳೆದರು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಾದವು. ಆದರೂ ಶಿಬಿರದ ಹೆದರಿಕೆಗೆ ಜನ ರೋಗಿಗಳನ್ನು ಬಚ್ಚಿಡುತ್ತಿದ್ದರು. ಶ್ರೀರಂಗಪಟ್ಟಣದ ಹತ್ತಿರದ ಗಂಜಾಂನಲ್ಲಿ ಗಲಭೆಯೇ ಆಯಿತು. ಜನರದು ಬರೀ ಅಜ್ಞಾನ ಎನ್ನಲು ನನಗೆ ಮನಸ್ಸಿಲ್ಲ. ಮನೆಯವರನ್ನು ಯಾರೋ ಬಂದು ಎತ್ತಿಕೊಂಡು ಹೋಗುತ್ತಾರೆಂದರೆ ಯಾರು ತಾನೇ ಬಾಗಿಲು ತೆಗೆಯುತ್ತಾರೆ? ಆದರೆ ಒಬ್ಬ ರೋಗಿಯನ್ನು ಮುಚ್ಚಿಟ್ಟರೆ ರೋಗ ಯಾವ ಬೀದಿಗೆ ಹೋಗುತ್ತಿದೆ ಎಂಬುದೂ ಮುಚ್ಚಿಹೋಗುತ್ತದೆ.

ಇದು ಹಳೆಯ ಮಾತಲ್ಲ. ಪಾವಗಡ, ಮಧುಗಿರಿ ಕಡೆಯಿಂದ ಬರುವವರಿಗೆ ಗೊತ್ತು, ನೀರಿನ ಕಷ್ಟದಿಂದ ಡ್ರಮ್ಮು, ತೊಟ್ಟಿ ತುಂಬಿಸಿಡದೆ ಗತಿಯಿಲ್ಲ. ಡೆಂಗಿ ಸೊಳ್ಳೆಗೂ ಅದೇ ನೀರು ಬೇಕು. ಆಶಾ ಕಾರ್ಯಕರ್ತೆ ಲಾರ್ವಾ ನೋಡಲು, ಜ್ವರ ಇದೆಯೇ ಎಂದು ಕೇಳಲು ಬಂದಾಗ ಬಾಗಿಲಲ್ಲೇ ಸಾಗಹಾಕುವ ಮನೆಗಳು ಸಿರಾದಲ್ಲೂ ಇವೆ, ಕೊರಟಗೆರೆಯಲ್ಲೂ ಇವೆ.

ಮೈಸೂರು ಸರ್ಕಾರ ಪಲ್ಪು ಅವರನ್ನು ಹೆಚ್ಚಿನ ಓದಿಗೆ ಇಂಗ್ಲೆಂಡಿಗೆ ಕಳುಹಿಸಿತು. ಕೇಂಬ್ರಿಡ್ಜಿನಲ್ಲಿ ಸಾರ್ವಜನಿಕ ಆರೋಗ್ಯ ಓದಿ ಬಂದು ಬೆಂಗಳೂರಿನ ಆರೋಗ್ಯಾಧಿಕಾರಿಯಾದರು. ಇದರ ನಡುವೆಯೇ ತಮ್ಮ ಜನರ ಓದು, ನೌಕರಿಗಾಗಿ ಹೋರಾಡಿದರು. 1896ರಲ್ಲಿ ತಿರುವಾಂಕೂರಿನ ಮಹಾರಾಜರಿಗೆ ಸಲ್ಲಿಸಿದ ಮನವಿಗೆ 13,176 ಜನ ಸಹಿ ಹಾಕಿದ್ದರು. 1903ರಲ್ಲಿ ನಾರಾಯಣ ಗುರುಗಳ ಜೊತೆ ಎಸ್.ಎನ್.ಡಿ.ಪಿ. ಯೋಗಂ ಕಟ್ಟಿದರು.

ಪಲ್ಪು ತೀರಿಕೊಂಡದ್ದು 1950ರ ಜನವರಿ 25ರಂದು. ಮರುದಿನ ಸಂವಿಧಾನ ಜಾರಿಗೆ ಬಂತು.