ದೊಡ್ಡಮನೆ ಸಾಕಮ್ಮ

ಸಾಹುಕಾರ್ ದೊಡ್ಡಮನೆ ಸಾಕಮ್ಮ (1880–1950) ಇವರು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬೆಂಗಳೂರಿನಲ್ಲಿ ಪ್ರಸಿದ್ಧರಾಗಿದ್ದ ಕಾಫಿ ಉದ್ಯಮಿ, ತೋಟಗಾರ್ತಿ ಹಾಗೂ ಸಮಾಜಸೇವಕಿ. ಕಾಫಿಬೀಜವನ್ನು ಬಸವನಗುಡಿಯಲ್ಲಿ ಹುರಿದು ಪುಡಿಮಾಡಿ ಮಾರುತ್ತಿದ್ದುದರಿಂದ ಜನರು ಇವರನ್ನು ಕಾಫಿಪುಡಿ ಸಾಕಮ್ಮ ಎಂದೇ ಕರೆಯುತ್ತಿದ್ದರು. ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಪ್ರವೇಶಿಸಿದ ಮೊದಲ ಮಹಿಳೆಯರಲ್ಲಿ ಇವರೂ ಒಬ್ಬರು.

ಬಾಲ್ಯ ಮತ್ತು ವಿವಾಹ

ಸಾಕಮ್ಮನವರು ತುಮಕೂರು ಜಿಲ್ಲೆಯ ಬಿದರೆ ಗ್ರಾಮದಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದರು. ಇವರದು ನೇಕಾರಿಕೆಯನ್ನು ಕುಲಕಸುಬಾಗಿ ಉಳ್ಳ ಕುರುಹಿನಶೆಟ್ಟಿ ಸಮುದಾಯ. ಜೀವನೋಪಾಯವನ್ನು ಅರಸಿ ತಂದೆತಾಯಿಗಳು ಬೆಂಗಳೂರಿಗೆ ಬಂದುದರಿಂದ ಸಾಕಮ್ಮನವರಿಗೆ ಶಾಲೆಗೆ ಹೋಗುವ ಅವಕಾಶ ದೊರೆಯಿತು. ಹೆಣ್ಣುಮಕ್ಕಳು ಓದುವುದೇ ವಿರಳವಾಗಿದ್ದ ಆ ದಿನಗಳಲ್ಲಿ ಇವರು ಉತ್ತಮ ವಿದ್ಯಾರ್ಥಿನಿ ಎನಿಸಿಕೊಂಡರು. ಆದರೆ ಬಡತನದ ಕಾರಣ ವ್ಯಾಸಂಗ ಮುಂದುವರಿಯಲಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಕೊಡಗಿನ ಶ್ರೀಮಂತ ಕಾಫಿ ತೋಟಗಾರ ದೊಡ್ಡಮನೆ ಚಿಕ್ಕಬಸಪ್ಪ ಶೆಟ್ಟರಿಗೆ ಮೂರನೆಯ ಹೆಂಡತಿಯಾಗಿ ಇವರ ವಿವಾಹವಾಯಿತು.

ವಿವಾಹವಾದ ಕೆಲವೇ ವರ್ಷಗಳಲ್ಲಿ ಪತಿ ತೀರಿಕೊಂಡರು. ಹಿರಿಯ ಹೆಂಡತಿಯರಿಬ್ಬರೂ ಹೆಚ್ಚು ಕಾಲ ಬದುಕಲಿಲ್ಲ. ಹೀಗೆ ಇನ್ನೂ ಎಳೆಯ ವಯಸ್ಸಿನಲ್ಲಿಯೇ ವಿಶಾಲವಾದ ಕಾಫಿ ತೋಟದ ಹೊಣೆ ಸಾಕಮ್ಮನವರ ಮೇಲೆ ಬಿದ್ದಿತು.

ತೋಟದ ಆಡಳಿತ

ಅಂದಿನ ಸಮಾಜದಲ್ಲಿ ವಿಧವೆಯು ಮನೆಯ ಹೊಸ್ತಿಲು ದಾಟಿ ವ್ಯವಹಾರ ನಡೆಸುವುದನ್ನು ಯಾರೂ ಸಹಜವೆಂದು ಭಾವಿಸುತ್ತಿರಲಿಲ್ಲ. ಹಿಂದೂ ಸ್ತ್ರೀಯರ ಆಸ್ತಿಯ ಹಕ್ಕೂ ಬಹಳ ಸೀಮಿತವಾಗಿತ್ತು. ಈ ಹಕ್ಕನ್ನು ವಿಸ್ತರಿಸುವ ಕಾಯಿದೆ ಮೈಸೂರು ಸಂಸ್ಥಾನದಲ್ಲಿ 1933ರಲ್ಲಿಯೂ ಬ್ರಿಟಿಷ್ ಭಾರತದಲ್ಲಿ 1937ರಲ್ಲಿಯೂ ಜಾರಿಗೆ ಬಂದಿತು. ಸಾಕಮ್ಮನವರು ತೋಟದ ಆಡಳಿತವನ್ನು ಕೈಗೆತ್ತಿಕೊಂಡದ್ದು ಇದಕ್ಕೆ ಬಹಳ ಹಿಂದೆ.

ಕಾಫಿ ತೋಟದ ಕೆಲಸ ವರ್ಷವಿಡೀ ಇರುವಂಥದು. ಏಪ್ರಿಲ್ ಸುಮಾರಿಗೆ ಹೂಮಳೆ ಬಾರದಿದ್ದರೆ ಆ ವರ್ಷದ ಬೆಳೆ ಕೈಗೆ ಹತ್ತುವುದಿಲ್ಲ. ನೆರಳಿನ ಮರಗಳ ಕೊಂಬೆ ಸವರುವುದು, ಗಿಡಗಳ ಚಿಗುರು ತೆಗೆಯುವುದು, ಎಲೆಗೆ ತಗಲುವ ತುಕ್ಕುರೋಗವನ್ನೂ ಕಾಂಡ ಕೊರೆಯುವ ಹುಳುವನ್ನೂ ತಡೆಯುವುದು, ಚಳಿಗಾಲದಲ್ಲಿ ಹಣ್ಣು ಕೊಯ್ಯಿಸಿ ಕಣದಲ್ಲಿ ಒಣಗಿಸುವುದು, ಆಳುಗಳಿಗೆ ಕೂಲಿ ಬಟವಾಡೆ ಮಾಡುವುದು, ಇವೆಲ್ಲಕ್ಕೂ ಒಡೆಯರ ನಿಗಾ ಬೇಕು. ಸಾಕಮ್ಮನವರು ಈ ಆಡಳಿತವನ್ನು ಕಲಿತು ದಕ್ಷತೆಯಿಂದ ನಡೆಸಿದರು. ಸಾಹುಕಾರ್ ಎಂಬ ಪದ ಸಾಮಾನ್ಯವಾಗಿ ಗಂಡಸರ ಹೆಸರಿನೊಡನೆ ಬರುತ್ತಿದ್ದರೂ ಇವರ ಹೆಸರಿನೊಂದಿಗೂ ಸೇರಿಕೊಂಡಿತು.

ಬೆಂಗಳೂರಿನಲ್ಲಿ ಕಾಫಿಪುಡಿ ಉದ್ಯಮ

ಹತ್ತೊಂಬತ್ತನೆಯ ಶತಮಾನದಿಂದಲೂ ಕೊಡಗು ಮತ್ತು ಮಲೆನಾಡಿನ ಕಾಫಿಯ ಬಹುಭಾಗ ಕರಾವಳಿಗೆ ಇಳಿದು, ಮಂಗಳೂರು, ತಲಶ್ಶೇರಿಗಳಲ್ಲಿ ಸಂಸ್ಕರಣೆಗೊಂಡು ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಕಾಫಿ ಬೆಳೆಯುವ ನಾಡಿನ ಜನಸಾಮಾನ್ಯರಿಗೆ ಕಾಫಿ ಕುಡಿಯುವ ಅಭ್ಯಾಸ ಹಬ್ಬಿದ್ದು ತಡವಾಗಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಧ್ಯಮವರ್ಗದ ಮನೆಗಳಲ್ಲಿ ಬೆಳಗಿನ ಕಾಫಿ ರೂಢಿಯಾಗತೊಡಗಿದಾಗ, ಅದು ದುಂದುವೆಚ್ಚವೆಂದೂ ಆರೋಗ್ಯಕ್ಕೆ ಹಾನಿಯೆಂದೂ ಹಿರಿಯರು ಆಕ್ಷೇಪಿಸುತ್ತಿದ್ದುದುಂಟು. ಆದರೂ ಅಭ್ಯಾಸ ಬೆಳೆಯಿತು. ಅದರೊಡನೆ ಊರಿನಲ್ಲಿಯೇ ಒಳ್ಳೆಯ ಪುಡಿ ದೊರೆಯಬೇಕೆಂಬ ಬೇಡಿಕೆಯೂ ಬೆಳೆಯಿತು.

1920ರ ದಶಕದಲ್ಲಿ ಸಾಕಮ್ಮನವರು ಬೆಂಗಳೂರಿನಲ್ಲಿ ನೆಲೆಸಿ, ಬಸವನಗುಡಿಯ ದೊಡ್ಡ ಬಸವಣ್ಣನ ದೇವಾಲಯದ ಸಮೀಪದಲ್ಲಿ ಕಾಫಿ ಕಾರ್ಖಾನೆಯನ್ನು ಸ್ಥಾಪಿಸಿದರು. ಬೆಳೆಗಾರರು ಹಸಿ ಬೀಜವನ್ನು ವ್ಯಾಪಾರಿಗೆ ಒಪ್ಪಿಸಿ ಅಲ್ಲಿಗೆ ತಮ್ಮ ಕೆಲಸ ಮುಗಿಯಿತೆನ್ನುವುದು ವಾಡಿಕೆ. ಬೀಜವನ್ನು ಹುರಿದು ಪುಡಿಯಾಗಿ ಮಾರಿದರೆ ಬರುವ ಹೆಚ್ಚಿನ ಬೆಲೆ ಬೆಳೆಗಾರರಿಗೆ ದಕ್ಕುತ್ತಿರಲಿಲ್ಲ. ಸಾಕಮ್ಮನವರು ತೋಟ ಮತ್ತು ಪುಡಿ ಎರಡನ್ನೂ ಒಂದೇ ಆಡಳಿತಕ್ಕೆ ತಂದರು.

ಹುರಿದ ಬೀಜ ಕೆಲವು ವಾರಗಳಲ್ಲಿಯೂ ಪುಡಿ ಅದಕ್ಕಿಂತ ಬೇಗನೆಯೂ ಸುವಾಸನೆ ಕಳೆದುಕೊಳ್ಳುತ್ತವೆ. ಆದ್ದರಿಂದ ಕುಡಿಯುವವರ ಹತ್ತಿರದಲ್ಲಿಯೇ ಹುರಿದು ಬೀಸುವ ಕಾರ್ಖಾನೆ ಇದ್ದರೆ ಗ್ರಾಹಕರಿಗೂ ಲಾಭ. ಫಿಲ್ಟರಿನಲ್ಲಿ ಇಳಿದ ಗಟ್ಟಿ ಡಿಕಾಕ್ಷನ್ನಿಗೆ ಕಾದ ಹಾಲು, ಸಕ್ಕರೆ ಬೆರೆಸಿ ಕುಡಿಯುವ ಪದ್ಧತಿಗೆ ಪುಡಿ ತಾಜಾ ಆಗಿರಬೇಕಾದುದು ಅವಶ್ಯಕ. ಈ ಕಾರ್ಖಾನೆಯ ಪುಡಿ ನಗರದಲ್ಲಿ ಮನೆಮಾತಾಯಿತು.

1930ರ ದಶಕದ ಜಾಗತಿಕ ಆರ್ಥಿಕ ಕುಸಿತದಲ್ಲಿ ಕಾಫಿಯ ಬೆಲೆ ಇಳಿದು ಬೆಳೆಗಾರರು ಸಂಕಷ್ಟಕ್ಕೆ ಸಿಲುಕಿದರು. ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ ಯೂರೋಪಿನ ಮಾರುಕಟ್ಟೆಯೂ ಮುಚ್ಚಿಹೋಯಿತು. ಆಗ ಸರ್ಕಾರವು 1940ರ ಸುಗ್ರೀವಾಜ್ಞೆ ಮತ್ತು 1942ರ ಕಾಯಿದೆಯ ಮೂಲಕ ಬೆಳೆಯನ್ನು ಒಟ್ಟುಗೂಡಿಸಿ ಮಂಡಳಿಯ ಮೂಲಕ ಮಾರುವ ವ್ಯವಸ್ಥೆಯನ್ನು ತಂದಿತು. ಭಾರತೀಯರೇ ಭಾರತದ ಕಾಫಿಯನ್ನು ಹೆಚ್ಚಾಗಿ ಕುಡಿಯಬೇಕೆಂಬುದು ಆ ವ್ಯವಸ್ಥೆಯ ಒಂದು ಮುಖ್ಯ ಉದ್ದೇಶವಾಗಿತ್ತು. ಸಾಕಮ್ಮನವರ ಉದ್ಯಮ ಅದಕ್ಕೂ ಮೊದಲೇ ಆ ದಾರಿಯಲ್ಲಿ ನಡೆದಿತ್ತು.

ಸಾರ್ವಜನಿಕ ಜೀವನ

ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ದಶಕಗಳ ಕಾಲ ಪುರುಷರೇ ಸದಸ್ಯರಾಗಿದ್ದರು. 1928ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ಸಾಕಮ್ಮನವರು ಈ ಸಭೆಗೆ ನಾಮಕರಣಗೊಂಡರು.

ಬಡತನದಿಂದ ತಮ್ಮ ಓದು ಅರ್ಧಕ್ಕೆ ನಿಂತುದರ ನೋವನ್ನು ಬಲ್ಲ ಸಾಕಮ್ಮನವರು, ಉದ್ಯಮದಿಂದ ಬಂದ ಸಂಪತ್ತನ್ನು ವಿದ್ಯಾರ್ಥಿಗಳಿಗಾಗಿ ವಿನಿಯೋಗಿಸಿದರು. ಹಳ್ಳಿಗಳಿಂದ ಬಂದ ವಿದ್ಯಾರ್ಥಿಗೆ ನಗರದಲ್ಲಿ ಊಟ ವಸತಿಯೇ ದೊಡ್ಡ ಸಮಸ್ಯೆಯಾಗಿದ್ದ ಕಾಲದಲ್ಲಿ, ಕುರುಹಿನಶೆಟ್ಟಿ ಸಮುದಾಯದ ಸಂಘಟನೆಗೂ ವಿದ್ಯಾರ್ಥಿನಿಲಯಕ್ಕೂ ಆಸರೆಯಾಗಿ ನಿಂತರು.

ಇವರ ಸೇವೆಯನ್ನು ಗುರುತಿಸಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಲೋಕಸೇವಾ ಪಾರಾಯಣಿ ಎಂಬ ಬಿರುದನ್ನು ನೀಡಿದರು. ಬ್ರಿಟಿಷ್ ಸರ್ಕಾರವು ಕೈಸರ್-ಎ-ಹಿಂದ್ ಪದಕವನ್ನು ನೀಡಿ ಗೌರವಿಸಿತು.

ನಿಧನ ಮತ್ತು ಸ್ಮರಣೆ

ಸಾಕಮ್ಮನವರು 1950ರಲ್ಲಿ ನಿಧನರಾದರು. ಬಸವನಗುಡಿಯ ಸಾಕಮ್ಮ ಗಾರ್ಡನ್ ಎಂಬ ಬಡಾವಣೆ ಇವರ ಹೆಸರನ್ನು ಉಳಿಸಿಕೊಂಡಿದೆ. ಬಸವನಗುಡಿ, ಮಲ್ಲೇಶ್ವರದಂತಹ ಹಳೆಯ ಬಡಾವಣೆಗಳಲ್ಲಿಯೂ ನಂತರ ಬೆಳೆದ ರಾಜಾಜಿನಗರ, ಕಾಮಾಕ್ಷಿಪಾಳ್ಯ, ವಿಜಯನಗರಗಳಲ್ಲಿಯೂ ಗ್ರಾಹಕರ ಕಣ್ಣೆದುರಿಗೇ ಬೀಜ ಬೀಸಿ, ಕೇಳಿದ ಪ್ರಮಾಣದಲ್ಲಿ ಚಿಕೋರಿ ಬೆರೆಸಿ ಕೊಡುವ ಕಾಫಿಪುಡಿ ಅಂಗಡಿಗಳು ಇಂದು ಸಾಮಾನ್ಯ. ಬೆಂಗಳೂರಿನಲ್ಲಿ ಈ ವ್ಯಾಪಾರವನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿದ ಆರಂಭದ ಉದ್ಯಮಿಗಳಲ್ಲಿ ಸಾಕಮ್ಮನವರು ಪ್ರಮುಖರು.