ಧೀರ ವಿಜ್ಞಾನಿ ಹೊವರ್ಡ್ ಟೆಮಿನ್

2020ರಲ್ಲಿ ಕೊರೋನಾ ಹಬ್ಬಿದಾಗ ನಮ್ಮ ಹಿರೇಬೆಂಡಿಗೇರಿಯಂತಹ ಹಳ್ಳಿಗಳಲ್ಲಿಯೂ ಆರ್‌ಟಿ-ಪಿಸಿಆರ್ ಎಂಬ ಪರೀಕ್ಷೆಯ ಹೆಸರು ಮನೆಮಾತಾಯಿತು. ಅದರ ಮೊದಲೆರಡು ಅಕ್ಷರಗಳ ಹಿಂದೆ ಒಬ್ಬ ಮಹನೀಯರ ತಪಸ್ಸು ಅಡಗಿರುವದು. ಅವರೇ ಹೊವರ್ಡ್ ಟೆಮಿನ್.

ಟೆಮಿನ್‌ರು 1934ನೆಯ ಡಿಸೆಂಬರ್ 10ರಂದು ಅಮೇರಿಕೆಯ ಫಿಲಡೆಲ್ಫಿಯಾ ಪಟ್ಟಣದಲ್ಲಿ ಜನಿಸಿದರು. ಡುಲ್ಬೆಕೊ ಎಂಬವರ ಶಿಷ್ಯರಾಗಿ, ಕೋಳಿಗಳಿಗೆ ಅರ್ಬುದ ರೋಗವನ್ನು ತರುವ ಒಂದು ವೈರಸ್ಸನ್ನು ಅಭ್ಯಸಿಸಿ, 1959ರಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಅವರಿಗೆ ಮೊದಲು ದೊರೆತದ್ದು ನೆಲಮಾಳಿಗೆಯ ಪ್ರಯೋಗಶಾಲೆ.

ಜೀವಕೋಶದಲ್ಲಿ ಡಿಎನ್‌ಎ ಎಂಬುದು ಮೂಲ ದಫ್ತರ. ಆರ್‌ಎನ್‌ಎ ಅದರಿಂದ ತೆಗೆದ ಉತಾರ. ದಫ್ತರದಿಂದ ಉತಾರ ಬರುವದೇ ಹೊರತು, ಉತಾರದಿಂದ ದಫ್ತರ ಹುಟ್ಟುವದಿಲ್ಲವೆಂದು ಅಂದಿನ ಬಹುಮಂದಿ ಪಂಡಿತರ ನಂಬಿಕೆ. ಕೋಳಿಯ ಆ ವೈರಸ್ಸಿನಲ್ಲಿ ಇರುವದು ಆರ್‌ಎನ್‌ಎ ಮಾತ್ರ. ಆದರೂ ಅದು ಡಿಎನ್‌ಎ ರೂಪವನ್ನು ತಾಳಿ ಕೋಶದ ದಫ್ತರದಲ್ಲಿಯೇ ಸೇರಿಕೊಳ್ಳುವದೆಂದು ಟೆಮಿನ್‌ರು 1964ರಲ್ಲಿ ಸಾರಿದರು. ಒಪ್ಪಿದವರು ವಿರಳ. ಅವರು ಎದೆಗುಂದಲಿಲ್ಲ. 1970ರಲ್ಲಿ ಮಿಜುತಾನಿಯವರೊಡನೆ, ಈ ತಿರುಗುಬರಹವನ್ನು ಮಾಡುವ ಕಿಣ್ವವನ್ನೇ ತೋರಿಸಿಕೊಟ್ಟರು. ಅದೇ ಕಾಲಕ್ಕೆ ಬಾಲ್ಟಿಮೋರ್ ಎಂಬವರೂ ಬೇರೆಯಾಗಿ ಅದನ್ನು ಕಂಡುಹಿಡಿದರು. ಇದೇ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಆರ್‌ಟಿ ಎಂಬುದು ಇದರ ಕೆಲಸವನ್ನೇ ಸೂಚಿಸುವದು.

ಗುರುವಿನೊಡನೆಯೂ ಬಾಲ್ಟಿಮೋರರೊಡನೆಯೂ ಅವರಿಗೆ 1975ರ ನೊಬೆಲ್ ಪಾರಿತೋಷಕ ದೊರೆಯಿತು. ಅದನ್ನು ಸ್ವೀಕರಿಸಿದ ದಿನವೇ ಅವರ 41ನೆಯ ಹುಟ್ಟುಹಬ್ಬ. ಆ ಸಂಭ್ರಮದಲ್ಲಿಯೂ ಅವರು ಧೂಮಪಾನದ ಕೇಡನ್ನು ಎತ್ತಿ ಆಡಲು ಹಿಂಜರಿಯಲಿಲ್ಲ.

1983ರಲ್ಲಿ ಏಡ್ಸ್ ರೋಗದ ವೈರಸ್ಸು ಪತ್ತೆಯಾದಾಗ, ಅದೂ ಇದೇ ಜಾತಿಯದೆಂದು ತಿಳಿಯಿತು. 1987ರಲ್ಲಿ ಬಳಕೆಗೆ ಬಂದ ಮೊದಲ ಔಷಧ ಎಜೆಡ್‌ಟಿ ಈ ಕಿಣ್ವವನ್ನೇ ತಡೆಯುವಂಥದು. 2004ರಿಂದ ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಇಂತಹ ಮಾತ್ರೆಗಳು ಉಚಿತವಾಗಿ ದೊರೆಯತೊಡಗಿದವು. ಆದರೆ ಮಾತ್ರೆ ಹೊಸ ಬರಹವನ್ನು ತಡೆಯುವದೇ ವಿನಾ ದಫ್ತರದಲ್ಲಿ ಸೇರಿದ್ದನ್ನು ಅಳಿಸಲಾರದು. ಮಾತ್ರೆ ಬಿಟ್ಟರೆ ಮಲಗಿದ ವೈರಸ್ಸು ಏಳುವದು. ಹಾಗೆ ಅದನ್ನು ಮಲಗಿಸುವದರಲ್ಲಿ ನಮ್ಮ ಕೋಶಗಳ ಮೈಕ್ರೋಆರ್‌ಎನ್‌ಎ ಎಂಬ ಪುಟ್ಟ ತುಣುಕುಗಳ ಕೈಯೂ ಉಂಟೆಂದು ಸಂಶೋಧಕರು ಕಂಡಿರುವರು. 1993ರಲ್ಲಿ ಬೆಳಕಿಗೆ ಬಂದ ಈ ತುಣುಕುಗಳಿಗಾಗಿ ಆಂಬ್ರೋಸ್ ಹಾಗೂ ರವ್‌ಕುನ್ ಅವರಿಗೆ 2024ರಲ್ಲಿ ನೊಬೆಲ್ ಸಂದಿತು.

ಎಂದೂ ಧೂಮಪಾನ ಮಾಡದ ಟೆಮಿನ್‌ರು ಶ್ವಾಸಕೋಶದ ಅರ್ಬುದದಿಂದಲೇ 1994ನೆಯ ಫೆಬ್ರುವರಿ 9ರಂದು ತೀರಿಕೊಂಡರು. ಆಗ ಅವರಿಗೆ 59 ವರ್ಷ.

ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರಿಗೆ, ಅಚ್ಚಾದದ್ದೆಲ್ಲ ಪ್ರಶ್ನಾತೀತವೆಂಬ ಅಂಜಿಕೆ ಸಹಜ. ಪುಸ್ತಕವನ್ನು ಗೌರವಿಸಬೇಕು, ಆದರೆ ಕಂಡ ಸತ್ಯ ಪುಸ್ತಕದಲ್ಲಿ ಇಲ್ಲವೆಂದು ಅದನ್ನು ಬಿಡಬಾರದು. ಟೆಮಿನ್‌ರು ಬಿಟ್ಟಿದ್ದರೆ, ಇಂದು ದಿನವೂ ಆ ಮಾತ್ರೆ ನುಂಗಿ ಮಕ್ಕಳನ್ನು ಸಾಕುತ್ತಿರುವ ಎಷ್ಟೋ ತಾಯಂದಿರಿಗೆ ದಾರಿ ಯಾವದಿತ್ತು?