ಜೈಲಿನ ಸಂಡೇ ಕ್ಲಾಸಿಗೆ ಹೋದ ಟೀಚರ್: ಡೊರೊಥಿಯಾ ಡಿಕ್ಸ್

ಕಳೆದ ವಾರ ಮತ್ತಾಯ 25ನೇ ಅಧ್ಯಾಯದಿಂದ, ಸೆರೆಯಲ್ಲಿರುವವರನ್ನು ನೋಡಲು ಹೋಗುವ ವಿಷಯ ಧ್ಯಾನಿಸಿದೆವು. ಇವತ್ತು ಹಾಗೆ ನೋಡಲು ಹೋದ ಒಬ್ಬ ಸಹೋದರಿಯ ಜೀವನ ಹೇಳ್ತೀನಿ.

ಡೊರೊಥಿಯಾ ಡಿಕ್ಸ್ ಹುಟ್ಟಿದ್ದು 1802ರಲ್ಲಿ, ಅಮೆರಿಕದ ಮೇನ್ ಪ್ರದೇಶದಲ್ಲಿ. ತಂದೆ ಊರೂರು ಸುತ್ತಿ ಸುವಾರ್ತೆ ಸಾರುತ್ತಿದ್ದ ಮೆಥಡಿಸ್ಟ್ ಬೋಧಕರು. ಆದರೆ ಮನೆಯಲ್ಲಿ ಸಮಾಧಾನ ಇರಲಿಲ್ಲ. 12ನೇ ವಯಸ್ಸಿಗೇ ಮನೆಬಿಟ್ಟು ಬಾಸ್ಟನ್‌ನಲ್ಲಿದ್ದ ಅಜ್ಜಿಯ ಹತ್ತಿರ ಹೋದರು. ಮುಂದೆ ಟೀಚರ್ ಆದರು, ಮಕ್ಕಳಿಗೆ ಪುಸ್ತಕ ಬರೆದರು, ಆರೋಗ್ಯ ಕೆಟ್ಟು 1836ರಲ್ಲಿ ಇಂಗ್ಲೆಂಡಿಗೆ ಹೋಗಿ ವಿಶ್ರಾಂತಿ ತಗೊಂಡು ಬಂದರು. ಮದುವೆ ಆಗಲಿಲ್ಲ.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಅವರು ಯೂನಿಟೇರಿಯನ್ ಸಭೆಗೆ ಸೇರಿದವರು. ತ್ರಯೈಕತ್ವದ ವಿಷಯದಲ್ಲಿ ಅವರ ಉಪದೇಶ ನಮ್ಮದಲ್ಲ. ಆದ್ರೂ ಕೇಳಿ.

1841ರ ಮಾರ್ಚ್. ಬಾಸ್ಟನ್ ಪಕ್ಕದ ಈಸ್ಟ್ ಕೇಂಬ್ರಿಡ್ಜ್ ಜೈಲಿನಲ್ಲಿ ಹೆಂಗಸರಿಗೆ ಸಂಡೇ ಕ್ಲಾಸ್ ನಡೆಸಬೇಕಿತ್ತು. ಆ ಜವಾಬ್ದಾರಿ ಬಿದ್ದಿದ್ದ ಥಿಯಾಲಜಿ ವಿದ್ಯಾರ್ಥಿ ಇದು ತನ್ನಿಂದಾಗದು ಅಂದ. ಡಿಕ್ಸ್ ತಾವೇ ಹೋದರು. ಪಾಠ ಮುಗಿದ ಮೇಲೆ ಜೈಲನ್ನೆಲ್ಲ ನೋಡಿದರು. ನಮ್ಮಲ್ಲಿ ಎಷ್ಟು ಜನ ಪಾಠ ಮುಗಿದ ಮೇಲೆ ನಿಲ್ತೀವಿ, ಯೋಚಿಸಿ. ಅಪರಾಧಿಗಳ ಜೊತೆಯಲ್ಲೇ ಮಾನಸಿಕ ರೋಗ ಇರುವವರನ್ನೂ ಕೂಡಿಹಾಕಿದ್ದರು. ಆ ಚಳಿಯಲ್ಲಿ ಅವರಿಗೆ ಬೆಂಕಿಯೂ ಇಲ್ಲ. ಕೇಳಿದ್ರೆ, ಹುಚ್ಚರಿಗೆ ಚಳಿ ಗೊತ್ತಾಗಲ್ಲ ಅನ್ನೋ ಉತ್ತರ ಬಂತಂತೆ. ಡಿಕ್ಸ್ ಸೀದಾ ಕೋರ್ಟಿಗೆ ಹೋದರು. ಬೆಂಕಿ ಸಿಕ್ಕಿತು.

ಅಲ್ಲಿಗೇ ಬಿಟ್ಟಿದ್ರೆ ಒಂದು ಒಳ್ಳೆ ಸಾಕ್ಷಿ ಆಗ್ತಿತ್ತು, ಅಷ್ಟೇ. ಆದರೆ ಅವರ ಹೃದಯದಲ್ಲಿ ಭಾರ ಇಳಿಯಲಿಲ್ಲ. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಮ್ಯಾಸಚೂಸೆಟ್ಸ್ ರಾಜ್ಯದ ಜೈಲುಗಳನ್ನೂ ಬಡವರ ಆಶ್ರಯಮನೆಗಳನ್ನೂ ಸುತ್ತಿದರು. ಕೈಯಲ್ಲಿ ನೋಟ್‌ಬುಕ್. ಯಾವ ಊರು, ಎಂಥ ಕೋಣೆ, ಬಟ್ಟೆ ಇದೆಯೋ ಇಲ್ಲವೋ, ಎಲ್ಲ ಬರೆದುಕೊಂಡರು. ಸಂಕೋಲೆ ಹಾಕಿದವರು, ಪಂಜರದಲ್ಲಿದ್ದವರು, ನೆಲಮಾಳಿಗೆಯಲ್ಲಿದ್ದವರು. ಇವರಲ್ಲಿ ಮನೋರೋಗಿಗಳೂ ಇದ್ದರು, ಹುಟ್ಟಿನಿಂದಲೇ ಬುದ್ಧಿ ಬೆಳೆಯದೇ ಇದ್ದವರೂ ಇದ್ದರು. ಎಷ್ಟೋ ಜನ ಯಾವ ಅಪರಾಧವನ್ನೂ ಮಾಡಿರಲಿಲ್ಲ. ಇಡೋಕೆ ಬೇರೆ ಜಾಗ ಇಲ್ಲ ಅಂತ ಜೈಲಿಗೆ ಹಾಕಿದ್ದರು.

1843ರ ಜನವರಿಯಲ್ಲಿ ಅದನ್ನೆಲ್ಲ ಸೇರಿಸಿ ಶಾಸನಸಭೆಗೆ ಮನವಿಪತ್ರ ಬರೆದರು. ಹೆಣ್ಣುಮಕ್ಕಳಿಗೆ ಆಗ ಓಟೂ ಇರಲಿಲ್ಲ. ಸಭೆಯಲ್ಲಿ ಅದನ್ನು ಮಂಡಿಸಿದವರು ಡಾಕ್ಟರ್ ಸ್ಯಾಮುಯೆಲ್ ಹೋವ್. ಅದರಲ್ಲಿ ನನಗೆ ತುಂಬ ಹಿಡಿಸಿದ ವಿಷಯ ಏನು ಗೊತ್ತಾ? ಅವರು ಜೈಲರ್‌ಗಳನ್ನೇ ದೂರಲಿಲ್ಲ. ಹೆಚ್ಚಿನವರು ಕ್ರೂರಿಗಳಲ್ಲ, ಇಂಥವರನ್ನು ನೋಡಿಕೊಳ್ಳುವ ತಿಳುವಳಿಕೆ ಅವರಿಗಿಲ್ಲ ಅಂತ ವಾದಿಸಿದರು. ಬೇಕಾಗಿದ್ದು ವೈದ್ಯರು, ತರಬೇತಿ ಪಡೆದ ಕೈಗಳು, ಸರಿಯಾದ ಜಾಗ. ಕೊನೆಗೆ ವುಸ್ಟರ್ ಊರಿನ ಸರ್ಕಾರಿ ಆಸ್ಪತ್ರೆಯನ್ನು ದೊಡ್ಡದು ಮಾಡಿದರು. ಇನ್ನು ಬುದ್ಧಿ ಬೆಳೆಯದವರಿಗೆ ಬೇಕಾದದ್ದು ಔಷಧಿಗಿಂತ ಕಲಿಕೆ. ಅವರಿಗಾಗಿ ಅದೇ ಹೋವ್ 1848ರಲ್ಲಿ ಬಾಸ್ಟನ್‌ನಲ್ಲಿ ಶಾಲೆ ಶುರುಮಾಡಿದರು.

ಯೌವನಸ್ಥರೇ, ಇಲ್ಲಿ ಸ್ವಲ್ಪ ನಿಲ್ಲಿ. ನಾವು ಬಿಡುಗಡೆಗಾಗಿ ಪ್ರಾರ್ಥಿಸುವ ಜನ, ಪ್ರಾರ್ಥಿಸೋಣ. ಆದ್ರೆ ಒಬ್ಬನಿಗೆ ಹೇಳಿದ್ದು ಅರ್ಥವಾಗಲ್ಲ, ಕೇಳಿದ್ದಕ್ಕೆಲ್ಲ ಹೂಂ ಅಂತಾನೆ ಅಂದಕೂಡಲೇ ಅದನ್ನು ದುರಾತ್ಮ ಅನ್ನಬೇಡಿ. ಜೈಲ್ ಮಿನಿಸ್ಟ್ರಿಗೆ ಹೋಗುವವರು ಇದನ್ನು ವಿಶೇಷವಾಗಿ ಗಮನಿಸಿ. ಇಂಥವನು ತಾನು ಮಾಡದ ತಪ್ಪನ್ನೂ ಒಪ್ಪಿಕೊಂಡುಬಿಡಬಹುದು. ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ಮೇಲೆ ಜೈಲಿನ ಡಾಕ್ಟರಿಗೂ ಅವನ ವಕೀಲರಿಗೂ ವಿಷಯ ತಿಳಿಸಿ.

ಡಿಕ್ಸ್ ಮುಂದೆ ಬೇರೆ ರಾಜ್ಯಗಳಿಗೂ ಹೋದರು. ಇವರಿಗಾಗಿ ಸುಮಾರು 1 ಕೋಟಿ 20 ಲಕ್ಷ ಎಕರೆ ಸರ್ಕಾರಿ ಭೂಮಿ ಕೊಡಿ ಅಂತ ವರ್ಷಗಟ್ಟಲೆ ವಾಷಿಂಗ್ಟನ್‌ನಲ್ಲಿ ಓಡಾಡಿದರು. 1854ರಲ್ಲಿ ಎರಡೂ ಸದನ ಒಪ್ಪಿದವು. ಅಧ್ಯಕ್ಷ ಪಿಯರ್ಸ್ ತಡೆದುಬಿಟ್ಟರು. ಎಷ್ಟು ಉಪವಾಸ, ಎಷ್ಟು ಓಡಾಟ ಮಾಡಿದ್ರೂ ಕೆಲವು ಬಾಗಿಲು ತೆರೆಯಲ್ಲ. ಇದನ್ನೂ ಹೇಳಬೇಕು ಅಲ್ವಾ? ಅವರಲ್ಲಿ ಕೊರತೆಯೂ ಇತ್ತು. ಗುಲಾಮಗಿರಿಯ ವಿರುದ್ಧ ದನಿ ಎತ್ತಲಿಲ್ಲ, ಅದು ನನಗೆ ನೋವು. ಅಂತರ್ಯುದ್ಧದಲ್ಲಿ ನರ್ಸ್‌ಗಳ ಮೇಲ್ವಿಚಾರಕಿಯಾದಾಗ ಬಹಳ ಬಿಗಿ, ಎಷ್ಟೋ ಜನಕ್ಕೆ ಬೇಸರ ತಂದರು.

ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ ಅವರ ಪ್ರಯತ್ನದಿಂದಲೇ ಎದ್ದ ಆಸ್ಪತ್ರೆ ಇತ್ತು. 1881ರಲ್ಲಿ ಅವರಿಗೆ ಅಲ್ಲೇ ಇರಲು ಕೋಣೆ ಕೊಟ್ಟರು. ಆರು ವರ್ಷ ಅಲ್ಲಿದ್ದು, 1887ರ ಜುಲೈ 17ರಂದು ಅಲ್ಲೇ ತೀರಿಹೋದರು.